ಆ್ಯಪ್ ಟ್ಯಾಕ್ಸಿಯಿಂದ ಹೋಮ್‌ಸ್ಟೇವರೆಗೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈ ಪಕ್ಕದ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಭಾನುವಾರ ಸಂಘದಲ್ಲಿ ಭಜನೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಾದರೂ ಫೋನ್ ಹಿಡಿದುಕೊಂಡು ಬರುತ್ತಾರೆ. "ಅಕ್ಕ, ಇಲ್ಲಿ ನೋಡಿ, ಹತ್ತುವಾಗ ಒಂದು ರೇಟು, ಇಳಿಯುವಾಗ ಇನ್ನೊಂದು. ಯಾರಿಗೆ ಹೇಳೋದು?" ನಾಲ್ಕಾರು ಜನರ ದೂರು ಬರೆದುಕೊಟ್ಟ ಮೇಲೆ ಈ ಕೆಲಸ ನನ್ನದೇ ಅಂತ ಆಗಿಬಿಟ್ಟಿದೆ. ಹೀಗೆ ಬಂದ ಪ್ರಶ್ನೆಗಳಿಗೆ ನನಗೆ ಗೊತ್ತಿರುವ ಉತ್ತರ ಇಲ್ಲಿದೆ.

ಹಂಚಿಕೆ ಆರ್ಥಿಕತೆ ಅಂತಾರಲ್ಲ, ಹಾಗಂದ್ರೆ ಏನು?

ಒಬ್ಬರ ಹತ್ತಿರ ಕಾರು, ಕೋಣೆ, ಸ್ಕೂಟರ್ ಅಥವಾ ಬಿಡುವಿನ ಸಮಯ ಇದೆ. ಇನ್ನೊಬ್ಬರಿಗೆ ಅದು ಸ್ವಲ್ಪ ಹೊತ್ತಿಗೆ ಬೇಕು. ಇಬ್ಬರನ್ನೂ ಒಂದು ಆ್ಯಪ್ ಸೇರಿಸುತ್ತದೆ, ನಡುವೆ ತನ್ನ ಪಾಲು ತೆಗೆದುಕೊಳ್ಳುತ್ತದೆ. ಟ್ಯಾಕ್ಸಿಗೆ ಓಲಾ, ಉಬರ್, ಉಳಿಯುವ ಕೋಣೆಗೆ ಏರ್‌ಬಿಎನ್‌ಬಿ, ಬೇರೆಯವರ ಕಾರಿನಲ್ಲಿ ಸೀಟಿಗೆ ಬ್ಲಾಬ್ಲಾಕಾರ್ ಎಲ್ಲವೂ ಈ ಸಾಲಿನವು. ಓಲಾ 2010ರಲ್ಲಿ ಶುರುವಾಗಿದ್ದು ಮುಂಬೈಯಲ್ಲೇ, ಆಮೇಲೆ ಬೆಂಗಳೂರಿಗೆ ಹೋಯಿತು.

ಆದರೆ ಹಂಚಿಕೊಂಡು ಹೋಗುವುದನ್ನು ಮುಂಬೈಗೆ ಆ್ಯಪ್ ಬಂದು ಕಲಿಸಬೇಕಾಗಿರಲಿಲ್ಲ. ಡೊಂಬಿವಲಿ ಸ್ಟೇಷನ್ ಹೊರಗೆ ಶೇರ್ ರಿಕ್ಷಾದ ಲೈನ್ ನೋಡಿ. ಚರ್ಚ್‌ಗೇಟ್ ಹೊರಗೆ ನರಿಮನ್ ಪಾಯಿಂಟ್‌ಗೆ ಹೋಗುವ ಶೇರ್ ಟ್ಯಾಕ್ಸಿ ನೋಡಿ. ದಾದರ್‌ನಿಂದ ಪುಣೆಗೆ ಸೀಟು ಲೆಕ್ಕದಲ್ಲಿ ಹೋಗುವ ಟ್ಯಾಕ್ಸಿ ನೋಡಿ. ಲೈನ್‌ನಲ್ಲಿ ನಿಂತರೆ ಸಾಕು, ಚೌಕಾಸಿ ಬೇಡ. ಸೀಟಿಗೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಮೂರು ಸೀಟು ತುಂಬಿದ ಕೂಡಲೇ ರಿಕ್ಷಾ ಹೊರಡುತ್ತದೆ.

ಅದರಲ್ಲೇ ಇನ್ನೊಂದು ದೃಶ್ಯವೂ ಇದೆ. ಸಂಜೆ ಗಡಿಬಿಡಿಯಲ್ಲಿ ನಾಲ್ಕನೆಯವನು ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ಕೂರುತ್ತಾನೆ. ಒಂದು ಕಾಲು ಹೊರಗೆ, ಒಂದು ಕೈ ಹಿಂದಿನ ಸರಳಿಗೆ. ಇದಕ್ಕೆ ನಮ್ಮಲ್ಲಿ 'ಫೋರ್ತ್ ಸೀಟ್' ಅಂತಲೇ ಹೆಸರು. ಅವನಿಗೆ ಬೇಗ ಮನೆ ಸೇರಬೇಕು, ಡ್ರೈವರ್‌ಗೆ ಒಂದು ಸೀಟಿನ ದುಡ್ಡು ಜಾಸ್ತಿ. ಇಬ್ಬರಿಗೂ ಲಾಭ ಅಲ್ವಾ? ಹೌದು, ತಿರುವಿನಲ್ಲಿ ಅವನು ಕೆಳಗೆ ಬೀಳುವವರೆಗೆ. ಮೂರೇ ಸೀಟು ಅನ್ನುವ ನಿಯಮ ಇರುವುದು ಅದಕ್ಕೇ. ಆ್ಯಪ್‌ಗಳ ವಿಷಯದಲ್ಲೂ ಲಾಭ ಇದೆ, ಆದರೆ ನಿಯಮವೂ ಬೇಕು ಅನ್ನುವಾಗ ನನಗೆ ಈ ಫೋರ್ತ್ ಸೀಟೇ ನೆನಪಾಗುತ್ತದೆ.

ಆ್ಯಪ್‌ನಿಂದ ನಮಗೆ ನಿಜವಾಗಿ ಸಿಗುವುದೇನು? ಬರೀ ಅಗ್ಗ ಅಂತಲಾ?

ಅಗ್ಗ ಅನ್ನುವುದು ಮೊದಲ ಕೆಲವು ವರ್ಷದ ಮಾತು. ಆಗ ಹೂಡಿಕೆದಾರರ ದುಡ್ಡಿನಿಂದ ನಮಗೆ ರಿಯಾಯಿತಿ ಸಿಗುತ್ತಿತ್ತು. ಆ ದುಡ್ಡು ಕಡಿಮೆಯಾದ ಹಾಗೆ ದರ ಏರಿತು. ಅಪರಿಚಿತರ ಜೊತೆ ಕಾರು ಹಂಚಿಕೊಳ್ಳುವ ಪೂಲ್ ಸೌಲಭ್ಯ ನಿಜವಾಗಿ ಅಗ್ಗವಾಗಿತ್ತು. ಅದನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ನಿಲ್ಲಿಸಿದರು.

ಬೆಲೆಗಿಂತ ದೊಡ್ಡ ಲಾಭ ಬೇರೆ ಇದೆ. ಒಂದು, ಹತ್ತುವ ಮೊದಲೇ ಎಷ್ಟಾಗುತ್ತದೆ ಅಂತ ಗೊತ್ತಾಗುತ್ತದೆ. ಮುಂಬೈಗೆ ಹೊಸದಾಗಿ ಬಂದು, ಹಿಂದಿ ತಡವರಿಸುವ ನಮ್ಮೂರ ಹುಡುಗನಿಗೆ ಇದು ಸಣ್ಣ ವಿಷಯ ಅಲ್ಲ. ಇನ್ನೊಂದು, ರಾತ್ರಿ ಹನ್ನೊಂದಕ್ಕೆ ಆಫೀಸಿನಿಂದ ಹೊರಟ ಮಗಳ ಗಾಡಿ ಎಲ್ಲಿದೆ ಅಂತ ಮನೆಯಲ್ಲಿ ಕೂತು ನೋಡಬಹುದು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅಂದರೆ ದಾಖಲೆ. ಮೊದಲು ಟ್ಯಾಕ್ಸಿಯಲ್ಲಿ ಬ್ಯಾಗ್ ಬಿಟ್ಟು ಇಳಿದರೆ ನಂಬರ್ ಯಾರಿಗೆ ನೆನಪಿರುತ್ತಿತ್ತು? ಈಗ ಗಾಡಿ ನಂಬರ್, ಡ್ರೈವರ್ ಹೆಸರು, ಹತ್ತಿದ ಸಮಯ, ಕೊಟ್ಟ ದುಡ್ಡು ಎಲ್ಲ ಫೋನಿನಲ್ಲೇ ಇರುತ್ತದೆ. ಆದರೆ ಈ ದಾಖಲೆಯನ್ನು ಇಟ್ಟುಕೊಂಡವರು ಉತ್ತರ ಕೊಡಲೇಬೇಕು ಅಂತ ಕಾನೂನು ಹೇಳದಿದ್ದರೆ ಅದರಿಂದ ಏನೂ ಉಪಯೋಗ ಇಲ್ಲ. ನಾನು ನಿಯಂತ್ರಣದ ಪರ ನಿಲ್ಲುವುದು ಈ ಕಾರಣಕ್ಕೆ.

"ನಾವು ಬರೀ ಆ್ಯಪ್, ಟ್ಯಾಕ್ಸಿ ನಮ್ಮದಲ್ಲ" ಅಂತ ಕಂಪನಿ ಹೇಳಬಹುದಾ?

ಮೊದಲು ಹಾಗೇ ಹೇಳುತ್ತಿದ್ದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. 'ಅಗ್ರಿಗೇಟರ್' ಅನ್ನುವ ಪದ ಕಾನೂನಿನೊಳಗೆ ಸೇರಿತು. ಪ್ರಯಾಣಿಕರನ್ನೂ ಡ್ರೈವರನ್ನೂ ಆ್ಯಪ್‌ನಲ್ಲಿ ಸೇರಿಸುವವರು 93ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು, 2025ರ ಜುಲೈನಲ್ಲಿ ಅದನ್ನು ಹೊಸದಾಗಿ ಬರೆಯಿತು. ಮಹಾರಾಷ್ಟ್ರ ಅದಕ್ಕೂ ಮೊದಲೇ, 2025ರ ಮೇ ತಿಂಗಳಲ್ಲಿ ತನ್ನದೇ ನೀತಿ ತಂದಿತು.

ಹಾಗಾಗಿ ಈಗ ಆ ಮಾತು ನಡೆಯುವುದಿಲ್ಲ.

ಮಳೆ ಬಂದ ಕೂಡಲೇ ರೇಟು ಏರುತ್ತದೆ. ಇದು ಸುಲಿಗೆ ಅಲ್ವಾ?

ಜುಲೈ ತಿಂಗಳು, ಲೋಕಲ್ ನಿಂತಿದೆ, ಕುರ್ಲಾದಲ್ಲಿ ನೀರು ತುಂಬಿದೆ. ಆಗ ಫೋನ್ ತೆಗೆದವರ ಸಿಟ್ಟು ನನಗೂ ಗೊತ್ತು. ಆದರೂ ಪೂರ್ತಿ ಸುಲಿಗೆ ಅನ್ನಲಾರೆ. ಬೇಡಿಕೆ ಜಾಸ್ತಿ ಇದ್ದಾಗ ದರ ಏರಿದರೆ ಮನೆಯಲ್ಲಿ ಕೂತ ಡ್ರೈವರ್ ಕೂಡ ಗಾಡಿ ಹೊರಗೆ ತೆಗೆಯುತ್ತಾನೆ. ದರ ಏರದಿದ್ದರೆ ಗಾಡಿಯೇ ಸಿಗದೆ ಇರಬಹುದು. ಎಷ್ಟರವರೆಗೆ ಏರಬಹುದು, ಅದನ್ನು ಮೊದಲೇ ನಮಗೆ ಹೇಳುತ್ತಾರಾ ಅನ್ನುವುದನ್ನೇ ನೋಡಬೇಕು.

ಮಹಾರಾಷ್ಟ್ರದ ನೀತಿಯಲ್ಲಿ ಮಿತಿ ಮೂಲ ದರದ ಒಂದೂವರೆ ಪಟ್ಟು. ಮೂಲ ದರ 300 ರೂಪಾಯಿ ಆಗುವ ದಾರಿ ಅಂತ ಇಟ್ಟುಕೊಳ್ಳಿ. ಎಷ್ಟೇ ಮಳೆ ಬಂದರೂ 450 ದಾಟುವಂತಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಶೇಕಡಾ 25ಕ್ಕಿಂತ ಜಾಸ್ತಿ ಇಳಿಸುವ ಹಾಗೂ ಇಲ್ಲ, ಅಂದರೆ 225ಕ್ಕೆ ತಳ. ಕೇಂದ್ರದ 2020ರ ಮಾರ್ಗಸೂಚಿಯಲ್ಲೂ ಮೇಲ್ಮಿತಿ ಒಂದೂವರೆ ಪಟ್ಟೇ ಇತ್ತು, 2025ರಲ್ಲಿ ಎರಡು ಪಟ್ಟಿಗೆ ಏರಿಸಿದರು. ನನಗೆ ಮಹಾರಾಷ್ಟ್ರದ ಲೆಕ್ಕ ಸರಿ ಅನ್ನಿಸುತ್ತದೆ. ಪ್ರವಾಹದ ದಿನ ಎರಡು ಪಟ್ಟು ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಕೆಳಮಿತಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಇವತ್ತು ತೀರಾ ಅಗ್ಗಕ್ಕೆ ಕೊಟ್ಟು ಸ್ಟ್ಯಾಂಡಿನ ಟ್ಯಾಕ್ಸಿಯನ್ನು ಮುಚ್ಚಿಸಿದರೆ, ನಾಳೆ ಹೇಳಿದ್ದೇ ದರ ಆಗುತ್ತದೆ. ಅದಕ್ಕೆ.

ಬೇರೆ ಬೇರೆ ಫೋನಿನಲ್ಲಿ ಬೇರೆ ಬೇರೆ ದರ ತೋರಿಸುತ್ತಾರೆ ಅಂತಾರೆ. ನಿಜನಾ?

ಐಫೋನ್ ಇದ್ದವರಿಗೆ ಜಾಸ್ತಿ, ಆಂಡ್ರಾಯ್ಡ್ ಇದ್ದವರಿಗೆ ಕಡಿಮೆ ಅನ್ನುವ ದೂರಿನ ಮೇಲೆ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾ ಮತ್ತು ಉಬರ್‌ಗೆ ನೋಟಿಸ್ ಕೊಟ್ಟಿತು. ಎರಡೂ ಕಂಪನಿಗಳು ಹಾಗೆ ಮಾಡುವುದಿಲ್ಲ ಅಂದವು. ದರ ಲೆಕ್ಕ ಹಾಕುವ ರೀತಿ ಹೊರಗಿನವರಿಗೆ ಕಾಣುವುದಿಲ್ಲ. ಅನುಮಾನ ಬಂದರೆ ಒಂದೇ ಜಾಗ, ಒಂದೇ ಸಮಯ, ಎರಡು ಫೋನ್ ಇಟ್ಟು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಐದು ನಿಮಿಷ ಆಚೀಚೆ ಆದರೆ ಹೋಲಿಕೆ ನಿಲ್ಲುವುದಿಲ್ಲ.

ಡ್ರೈವರ್ ಬರುವುದಿಲ್ಲ, "ನೀವೇ ಕ್ಯಾನ್ಸಲ್ ಮಾಡಿ" ಅಂತಾನೆ. ಏನು ಮಾಡಲಿ?

ಕ್ಯಾನ್ಸಲ್ ಮಾಡಬೇಡಿ. ನಾನು ಮಾಡಿ ಪಾಠ ಕಲಿತೆ, ಅದನ್ನು ಹೇಳುತ್ತೇನೆ.

ಅತ್ತೆ ಊರಿಗೆ ಹೊರಟಿದ್ದರು. ಥಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಬೇಕು. ಅಲ್ಲಿ ಗಾಡಿ ನಿಲ್ಲುವುದೇ ಸ್ವಲ್ಪ ಹೊತ್ತು. ಅತ್ತೆಗೆ ಮಂಡಿ ನೋವು, ಲೋಕಲ್ ಹತ್ತಿಸುವ ಹಾಗಿಲ್ಲ. ಎರಡು ಬ್ಯಾಗು, ಮೊಮ್ಮಕ್ಕಳಿಗೆ ಅಂತ ಬಾಕರವಡಿಯ ದೊಡ್ಡ ಪೊಟ್ಟಣ. ಆ್ಯಪ್ ಟ್ಯಾಕ್ಸಿ ಬುಕ್ ಮಾಡಿದೆ. ಆರು ನಿಮಿಷ ಅಂತ ತೋರಿಸಿತು. ಡ್ರೈವರ್ ಫೋನ್ ಮಾಡಿದ. "ಕಹಾಂ ಜಾನಾ ಹೈ? ಕ್ಯಾಶ್ ಕಿ ಆನ್‌ಲೈನ್?" ಆನ್‌ಲೈನ್ ಅಂದೆ. ಅಷ್ಟೇ, ಮ್ಯಾಪ್‌ನಲ್ಲಿ ಕಾರು ಪೆಟ್ರೋಲ್ ಪಂಪ್ ಹತ್ತಿರ ನಿಂತೇ ಬಿಟ್ಟಿತು. ಹನ್ನೊಂದು ನಿಮಿಷ ಅದೇ ಚುಕ್ಕಿ ನೋಡುತ್ತಾ ನಿಂತೆ. ಮತ್ತೆ ಫೋನ್ ಮಾಡಿದರೆ "ಆಪ್ ಕ್ಯಾನ್ಸಲ್ ಕರ್ ದೋ" ಅಂದ. ಅತ್ತೆ ಗೇಟಿನ ಕಟ್ಟೆ ಮೇಲೆ ಕೂತು "ಗಾಡಿ ತಪ್ಪುತ್ತದಾ ಮಗಾ?" ಅಂತ ಎರಡು ಸಲ ಕೇಳಿದರು. ಗಾಬರಿಯಲ್ಲಿ ನಾನೇ ಕ್ಯಾನ್ಸಲ್ ಒತ್ತಿದೆ. ಐವತ್ತು ರೂಪಾಯಿ ದಂಡ ನನ್ನ ಮೇಲೇ ಬಿತ್ತು.

ಸ್ಟ್ಯಾಂಡಿನ ರಿಕ್ಷಾದವರೊಬ್ಬರು ಥಾಣೆಗೆ ಬರಲು ಒಪ್ಪಿದರು. ಅವರೇ ಬ್ಯಾಗ್ ಹೊತ್ತು ಪ್ಲಾಟ್‌ಫಾರ್ಮ್‌ವರೆಗೆ ಬಂದರು. ಗಾಡಿ ಸಿಕ್ಕಿತು. ಆ ಮನುಷ್ಯನ ಮುಖ ನನಗೆ ಇವತ್ತಿಗೂ ನೆನಪಿದೆ.

ಆ ರಾತ್ರಿ ಕಂಪನಿಗೆ ಬರೆದೆ. ಮ್ಯಾಪ್‌ನಲ್ಲಿ ಕಾರು ನಿಂತಿದ್ದ ಸ್ಕ್ರೀನ್‌ಶಾಟ್, ಕಾಲ್ ಬಂದ ಸಮಯ ಎರಡನ್ನೂ ಹಾಕಿದೆ. ಮುಂದಿನ ಪ್ರಯಾಣಕ್ಕೆ ಬಳಸಿ ಅಂತ ಐವತ್ತರ ಕೂಪನ್ ಬಂತು. ನನಗೆ ಕೂಪನ್ ಬೇಡ, ದುಡ್ಡು ಬ್ಯಾಂಕಿಗೆ ಹಾಕಿ ಅಂತ ಅವರ ದೂರು ಅಧಿಕಾರಿಗೆ ಮತ್ತೆ ಬರೆದೆ. ಒಂಬತ್ತನೇ ದಿನ ಬಂತು. ಐವತ್ತು ರೂಪಾಯಿಗೆ ಇಷ್ಟು ಒದ್ದಾಟ ಬೇಕಾ ಅಂತ ಗಂಡ ಕೇಳಿದರು. ಬೇಕು. ದಿನಕ್ಕೆ ಎಷ್ಟು ಜನರ ಐವತ್ತು ಹೀಗೆ ಹೋಗುತ್ತದೆ ಯೋಚಿಸಿ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಕಂಪನಿಯ ಲೆಕ್ಕಕ್ಕೂ ಹೊಂದುತ್ತದೆ.

ಮಹಾರಾಷ್ಟ್ರದ 2025ರ ನೀತಿಯಲ್ಲಿ ಡ್ರೈವರ್ ಸರಿಯಾದ ಕಾರಣ ಇಲ್ಲದೆ ಕ್ಯಾನ್ಸಲ್ ಮಾಡಿದರೆ ದರದ ಶೇಕಡಾ 10 ಅಥವಾ 100 ರೂಪಾಯಿ, ಯಾವುದು ಕಡಿಮೆಯೋ ಅದು ನಿಮಗೆ ಸಿಗಬೇಕು. ನೀವು ಕಾರಣ ಇಲ್ಲದೆ ಮಾಡಿದರೆ ಶೇಕಡಾ 5 ಅಥವಾ 50 ರೂಪಾಯಿ, ಯಾವುದು ಕಡಿಮೆಯೋ ಅದನ್ನು ನೀವು ಕೊಡಬೇಕು. ಅದಕ್ಕೇ ಡ್ರೈವರ್ ತಾನು ಒತ್ತದೆ ನಿಮ್ಮ ಕೈಯಿಂದ ಒತ್ತಿಸಲು ನೋಡುವುದು. ಅವಸರ ಇದ್ದರೆ ಬೇರೆ ಆ್ಯಪ್‌ನಲ್ಲಿ ಬುಕ್ ಮಾಡಿ, ಇಲ್ಲ ಸ್ಟ್ಯಾಂಡಿಗೆ ನಡೆಯಿರಿ. ಒತ್ತಲೇಬೇಕಾಗಿ ಬಂದರೆ 'ಡ್ರೈವರ್ ಕ್ಯಾನ್ಸಲ್ ಮಾಡಲು ಹೇಳಿದ' ಅನ್ನುವಂಥ ಕಾರಣವನ್ನೇ ಆರಿಸಿ.

ದೂರು ಎಲ್ಲಿ ಕೊಡಬೇಕು? ವಕೀಲರು ಬೇಕಾ?

ವಕೀಲರು ಬೇಡ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ್ಯಪ್‌ನೊಳಗಿನ ಚಾಟ್ ಮಾತ್ರ ನೆಚ್ಚಿಕೊಳ್ಳಬೇಡಿ. ಇಮೇಲ್ ಕಳಿಸಿ, ನಕಲು ಇಟ್ಟುಕೊಳ್ಳಿ.

ಆಗಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. ಸರ್ಕಾರದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ಕಂಪನಿ ಬೆಂಗಳೂರಲ್ಲೇ ಇರಲಿ, ಗುರುಗ್ರಾಮದಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೊಂಬಿವಲಿಯವರಿಗೆ ಥಾಣೆ ಜಿಲ್ಲೆ. ಎರಡು ವರ್ಷದೊಳಗೆ ಹಾಕಬೇಕು.

ಕೂಪನ್ ವಿಷಯ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಪ್ರಾಧಿಕಾರ ಒಂದು ಆ್ಯಪ್ ಟ್ಯಾಕ್ಸಿ ಕಂಪನಿಗೆ ಆದೇಶ ಕೊಟ್ಟಿದೆ: ಹಣ ವಾಪಸ್ ಮಾಡುವಾಗ ಬ್ಯಾಂಕಿಗೆ ಬೇಕಾ, ಕೂಪನ್ ಬೇಕಾ ಅಂತ ಗ್ರಾಹಕರೇ ಆರಿಸುವ ಹಾಗಿರಬೇಕು ಅಂತ. ನಿಮಗೆ ಕೂಪನ್ ಬಂದರೆ ಇದನ್ನು ದೂರಿನಲ್ಲಿ ಬರೆಯಿರಿ.

ಪರಿಚಯದವರ ಬಿಳಿ ನಂಬರ್ ಪ್ಲೇಟ್ ಕಾರಿನಲ್ಲಿ ಪುಣೆಗೆ ದುಡ್ಡು ಕೊಟ್ಟು ಹೋಗಬಹುದಾ?

ಎರಡು ವಿಷಯ ಬೇರೆ ಮಾಡಿ ನೋಡಿ. ಹೇಗೂ ಪುಣೆಗೆ ಹೊರಟವರ ಜೊತೆ ಕೂತು ಪೆಟ್ರೋಲು, ಎಕ್ಸ್‌ಪ್ರೆಸ್‌ವೇ ಟೋಲು ಹಂಚಿಕೊಳ್ಳುವುದು ಒಂದು. ದಿನಾ ನಾಲ್ಕು ಸೀಟು ಮಾರಿ ದುಡಿಯುವುದು ಇನ್ನೊಂದು. ಎರಡನೆಯದಕ್ಕೆ ಪರ್ಮಿಟ್ ಮತ್ತು ಹಳದಿ ಪ್ಲೇಟ್ ಬೇಕು. ಪರ್ಮಿಟ್ ಇಲ್ಲದೆ ಓಡಿಸಿದರೆ ಹತ್ತು ಸಾವಿರ ದಂಡ, ಜೈಲೂ ಆಗಬಹುದು.

ನಿಮಗೆ ಆತಂಕ ಆಗಬೇಕಾದ್ದು ವಿಮೆಯ ವಿಷಯಕ್ಕೆ. ಖಾಸಗಿ ಕಾರಿನ ಪಾಲಿಸಿಯಲ್ಲಿ, ಬಾಡಿಗೆಗೆ ಓಡಿಸಿದರೆ ವಿಮೆ ಅನ್ವಯಿಸುವುದಿಲ್ಲ ಅಂತ ಬರೆದಿರುತ್ತದೆ. ಖಂಡಾಲಾ ಘಾಟಿಯಲ್ಲಿ ಅಪಘಾತ ಆದರೆ ವಿಮೆ ಕಂಪನಿ ಮೊದಲು ಕೇಳುವುದೇ ಇದನ್ನು. ದಾದರ್ ಟ್ಯಾಕ್ಸಿಗೆ ನೂರಿನ್ನೂರು ಜಾಸ್ತಿ ಕೊಟ್ಟರೂ ನನಗೆ ಅದೇ ವಾಸಿ.

ಬೈಕ್ ಟ್ಯಾಕ್ಸಿ ಯಾಕೆ ನಿಂತು ಹೋಗಿತ್ತು? ಮತ್ತೆ ಬಂದಿದೆಯಾ?

2022ರ ಡಿಸೆಂಬರ್‌ನಲ್ಲಿ ಬೈಕ್ ಟ್ಯಾಕ್ಸಿ ಕಂಪನಿ ರ್‍ಯಾಪಿಡೊಗೆ ಪುಣೆ ಆರ್‌ಟಿಒ ಲೈಸೆನ್ಸ್ ನಿರಾಕರಿಸಿತು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಲೈಸೆನ್ಸ್ ಇಲ್ಲದೆ ಓಡಿಸುವ ಹಾಗಿಲ್ಲ ಅಂದಿತು. ಅದೇ ತಿಂಗಳ 19ರಂದು ಸರ್ಕಾರ ಖಾಸಗಿ ನಂಬರಿನ ವಾಹನಗಳನ್ನು ಹೀಗೆ ಬಳಸುವುದನ್ನೇ ನಿಷೇಧಿಸಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಕಂಪನಿಗೆ ಪರಿಹಾರ ಸಿಗಲಿಲ್ಲ.

ಇಲ್ಲಿ ಸರ್ಕಾರ ಎಡವಿತು ಅನ್ನುವುದು ನನ್ನ ಅಭಿಪ್ರಾಯ. ವಿಮೆ ಬೇಕು, ಹೆಲ್ಮೆಟ್ ಬೇಕು, ಡ್ರೈವರ್ ಯಾರು ಅಂತ ಗೊತ್ತಿರಬೇಕು ಅನ್ನುವುದು ಪ್ರಯಾಣಿಕರ ಪರ ನಿಯಮ. ನಿಯಮವನ್ನೇ ಬರೆಯದೆ ಬಾಗಿಲು ಮುಚ್ಚಿದರೆ ಸ್ಟೇಷನ್‌ನಿಂದ ಎರಡು ಕಿಲೋಮೀಟರ್ ಹೋಗಬೇಕಾದ ಒಂಟಿ ಪ್ರಯಾಣಿಕರಿಗೆ ಏನು ಸಿಕ್ಕಿತು?

2025ರ ಜುಲೈನಲ್ಲಿ ಮಹಾರಾಷ್ಟ್ರ ಇ-ಬೈಕ್ ಟ್ಯಾಕ್ಸಿ ನಿಯಮ ಬಂತು. ಎಲೆಕ್ಟ್ರಿಕ್ ಬೈಕ್ ಮಾತ್ರ, ಒಂದು ಪ್ರಯಾಣ 15 ಕಿಲೋಮೀಟರ್ ಒಳಗೆ. ಮೊದಲ ಒಂದೂವರೆ ಕಿಲೋಮೀಟರ್‌ಗೆ 15 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 10.27 ಅಂತ ದರ ನಿಗದಿಯಾಯಿತು. ರಿಕ್ಷಾದ ಕನಿಷ್ಠ ದರ 2025ರ ಫೆಬ್ರವರಿಯಿಂದ 26 ರೂಪಾಯಿ. ಒಬ್ಬರೇ ಹೋಗುವವರಿಗೆ ವ್ಯತ್ಯಾಸ ಚೆನ್ನಾಗಿಯೇ ಇದೆ. ಹತ್ತುವ ಮೊದಲು ಬೈಕ್ ಎಲೆಕ್ಟ್ರಿಕ್ ಹೌದಾ ಅಂತ ನೋಡಿ.

ಗೋವಾಕ್ಕೆ ಹೋದರೆ ಓಲಾ, ಉಬರ್ ಸಿಗುವುದಿಲ್ಲ. ಯಾಕೆ?

ಅಲ್ಲಿನ ಟ್ಯಾಕ್ಸಿ ಮಾಲೀಕರ ವಿರೋಧ ಬಹಳ. 2018ರಿಂದ ಗೋವಾ ಮೈಲ್ಸ್ ಅನ್ನುವ ಆ್ಯಪ್ ಇದೆ, ಅದಕ್ಕೂ ವಿರೋಧ ಇತ್ತು. 2025ರ ಮೇ ತಿಂಗಳಲ್ಲಿ ಸರ್ಕಾರ ಆ್ಯಪ್ ಟ್ಯಾಕ್ಸಿಗಳಿಗೆ ಕರಡು ನಿಯಮ ತಂದಾಗಲೂ ಗಲಾಟೆ ಆಯಿತು. ಅವರ ಹೊಟ್ಟೆಪಾಡಿನ ಚಿಂತೆ ಸುಳ್ಳಲ್ಲ. ಆದರೆ ದರ ಎಷ್ಟು ಅಂತ ಮೊದಲೇ ಗೊತ್ತಿರಬೇಕು ಅನ್ನುವುದು ಪ್ರವಾಸಿಯ ಹಕ್ಕು.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವಾಗ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತೆಗೆದುಕೊಳ್ಳಿ. ಬಿಳಿ ಪ್ಲೇಟಿನ ಸ್ಕೂಟರ್ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ವಿಮೆಯ ತೊಂದರೆಯೂ ಅದೇ.

ನಮ್ಮ ಖಾಲಿ ಫ್ಲ್ಯಾಟ್ ಅಥವಾ ಒಂದು ಕೋಣೆ ದಿನದ ಬಾಡಿಗೆಗೆ ಕೊಡಬಹುದಾ?

ಆ್ಯಪ್‌ನಲ್ಲಿ ಫೋಟೊ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆ ಇದೆ, ಅಲ್ಲಿ ನೋಂದಣಿ ಮಾಡಿಸಿ. ಗೋವಾದಲ್ಲಿ 1982ರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಸೊಸೈಟಿಗೆ ಮೊದಲೇ ಹೇಳಿ. ವಾಚ್‌ಮನ್‌ಗೆ ಗೊತ್ತಿಲ್ಲದ ಜನ ರಾತ್ರಿ ಎರಡಕ್ಕೆ ಬ್ಯಾಗ್ ಎಳೆದುಕೊಂಡು ಬಂದರೆ ಪಕ್ಕದ ಮನೆಯವರಿಗೆ ಭಯ ಆಗುವುದು ಸಹಜ.

ಡ್ರೈವರ್, ಡೆಲಿವರಿ ಹುಡುಗರ ಸಂಪಾದನೆ ನಮಗ್ಯಾಕೆ? ನಾವು ದುಡ್ಡು ಕೊಟ್ಟಾಯಿತಲ್ಲ.

ನಮ್ಮ ಸುರಕ್ಷತೆ ಅವರ ನಿದ್ದೆಯ ಮೇಲೆ ನಿಂತಿದೆ. ದಿನಕ್ಕೆ 12 ಗಂಟೆಗಿಂತ ಜಾಸ್ತಿ ಲಾಗಿನ್ ಇರಬಾರದು ಅಂತ ಕೇಂದ್ರದ ಮಾರ್ಗಸೂಚಿ ಹೇಳಿದ್ದು ಇದಕ್ಕೇ. ಸ್ವಂತ ಗಾಡಿಯ ಡ್ರೈವರ್‌ಗೆ ದರದ ಕನಿಷ್ಠ ಶೇಕಡಾ 80 ಸಿಗಬೇಕು ಅಂತಲೂ ಇದೆ. ಸಂಪಾದನೆ ಸಾಲದ ಡ್ರೈವರ್ ಎರಡು ಆ್ಯಪ್‌ಗಳಲ್ಲಿ ಹದಿನಾರು ಗಂಟೆ ಓಡಿಸುತ್ತಾನೆ. ಸಣ್ಣ ದೂರ ಬಂದರೆ "ಕ್ಯಾನ್ಸಲ್ ಕರ್ ದೋ" ಅನ್ನುತ್ತಾನೆ. ನನ್ನ ಅತ್ತೆ ಕಟ್ಟೆ ಮೇಲೆ ಕೂತದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಆಮೇಲೆ ನನಗೆ ಅರ್ಥವಾಯಿತು.

2020-21ರಲ್ಲಿ ದೇಶದಲ್ಲಿ ಇಂಥ ಬಿಡಿ ಕೆಲಸ ಮಾಡುವ ಗಿಗ್ ಕೆಲಸಗಾರರು 77 ಲಕ್ಷ ಇದ್ದರು, 2029-30ಕ್ಕೆ 2.35 ಕೋಟಿ ಆಗಬಹುದು ಅಂತ ನೀತಿ ಆಯೋಗದ ಅಂದಾಜು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವರಿಗಾಗಿ ಕಂಪನಿಗಳು ವಹಿವಾಟಿನ ಶೇಕಡಾ 1ರಿಂದ 2ರಷ್ಟು ಕೊಡಬೇಕು. ರಾಜಸ್ಥಾನ 2023ರಲ್ಲೇ ಕಾಯ್ದೆ ತಂದಿತು, ನಮ್ಮ ಕರ್ನಾಟಕ 2025ರಲ್ಲಿ. ಇದರಿಂದ ನಮ್ಮ ಬಿಲ್ಲಿಗೆ ಒಂದೆರಡು ರೂಪಾಯಿ ಸೇರಬಹುದು. ಸೇರಲಿ.

ಅಮ್ಮನಿಗೆ ಸ್ಮಾರ್ಟ್‌ಫೋನ್ ಬರುವುದಿಲ್ಲ. ಅವರೊಬ್ಬರೇ ಹೋಗಬೇಕಾದರೆ?

ನೀವು ನಿಮ್ಮ ಫೋನಿನಿಂದ ಅವರ ಹೆಸರಿಗೆ ಬುಕ್ ಮಾಡಬಹುದು. ಹತ್ತುವ ಜಾಗವನ್ನು ನಕ್ಷೆಯಲ್ಲಿ ನೀವೇ ಸರಿಯಾಗಿ ಗುರುತು ಮಾಡಿ, 'ಸೊಸೈಟಿ ಗೇಟ್ ಎದುರು' ಅಂತ ಡ್ರೈವರ್‌ಗೆ ಫೋನ್ ಮಾಡಿ ಹೇಳಿ. ದುಡ್ಡು ನೀವೇ ಆನ್‌ಲೈನ್‌ನಲ್ಲಿ ಕೊಟ್ಟುಬಿಡಿ. ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ, ಒಟಿಪಿ ಮತ್ತು ನಿಮ್ಮ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲಿ ಇಡಿ. ಅತ್ತೆಗೆ ನಾನು ಈಗ ಹೀಗೇ ಮಾಡುತ್ತೇನೆ. ಅವರು ಗಾಡಿ ಹತ್ತುವ ಮೊದಲು ಚೀಟಿ ತೆಗೆದು, ನಂಬರ್ ಪ್ಲೇಟಿನ ಮುಂದೆ ನಿಂತು, ಒಂದೊಂದೇ ಅಂಕಿ ಕನ್ನಡದಲ್ಲಿ ಜೋರಾಗಿ ಓದಿ ತಾಳೆ ನೋಡುತ್ತಾರೆ. ಡ್ರೈವರ್ ಕಾಯುತ್ತಾನೆ.